ಎಲೆ ಬಂತು, ಅಳತೆ ಬರಲಿಲ್ಲ

ದೊಡ್ಡಪತ್ರೆಯ ಒಂದು ಎಲೆ ಕಿತ್ತು ಬೆರಳುಗಳ ನಡುವೆ ಹಿಸುಕಿ ನೋಡಿ. ಥಟ್ಟನೆ ಮೂಗಿಗೆ ಬಡಿಯುವುದು ಓಮದ ವಾಸನೆ. ಓಮಕ್ಕೆ ಆ ಘಾಟು ಕೊಡುವ ಥೈಮಾಲ್, ಅದರ ಹತ್ತಿರದ ನೆಂಟ ಕಾರ್ವಕ್ರಾಲ್ ಎರಡೂ ಈ ಎಲೆಯ ಎಣ್ಣೆಯಲ್ಲಿವೆ. ಎರಡಕ್ಕೂ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಸತ್ಯ. ಮಲೆನಾಡಿನ ನಮ್ಮ ಮನೆಗಳಲ್ಲಿ ಈ ಹೆಸರುಗಳು ಯಾರಿಗೂ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಮಕ್ಕಳ ಮೂಗು ಸೋರತೊಡಗಿದರೆ ಬಾವಿಕಟ್ಟೆಯ ಪಕ್ಕದ ಪೊದೆಯಿಂದ ನಾಲ್ಕು ಎಲೆ ಬರುತ್ತಿತ್ತು, ಅಷ್ಟೇ.

ಆ ನಾಲ್ಕು ಎಲೆ ಏನಾಗುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಅಜ್ಜಿ ಅದರ ರಸ ಹಿಂಡಿ ಲೋಟದಲ್ಲಿ ಕುಡಿಸುತ್ತಿರಲಿಲ್ಲ. ಸಣ್ಣ ಬಾಣಲೆಯಲ್ಲಿ ಅರ್ಧ ಚಮಚ ತುಪ್ಪ ಕಾಯಿಸಿ, ಜೀರಿಗೆ ಮತ್ತು ಏಳೆಂಟು ಕಾಳುಮೆಣಸು ಹಾಕುತ್ತಿದ್ದರು. ಜೀರಿಗೆ ಸಿಡಿದ ಮೇಲೆ ಎಲೆಗಳನ್ನು ಕೈಯಿಂದಲೇ ಹರಿದು ಅದಕ್ಕೆ ಸೇರಿಸುತ್ತಿದ್ದರು. ಆ ದಪ್ಪ, ರೋಮ ತುಂಬಿದ ಎಲೆ ಬಿಸಿ ತಾಗಿದೊಡನೆ ಮೆತ್ತಗಾಗಿ, ನೀರು ಬಿಟ್ಟು, ಹಸಿರು ಬಣ್ಣ ಮಾಸಿ ಮುದುಡುತ್ತಿತ್ತು. ಆಮೇಲೆ ಒಂದು ಹಿಡಿ ತೆಂಗಿನತುರಿಯ ಜೊತೆ ಒರಳಿನಲ್ಲಿ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿದರೆ ತಂಬುಳಿ. ಅದನ್ನು ಮತ್ತೆ ಒಲೆಯ ಮೇಲೆ ಇಡುವಂತಿಲ್ಲ. ಅನ್ನದ ಮೊದಲ ತುತ್ತುಗಳು ಅದರ ಜೊತೆಗೇ ಹೋಗಬೇಕು, ಸಾರು ಆಮೇಲೆ.

ಇಡೀ ಮನೆ ಅದನ್ನು ಉಣ್ಣುತ್ತಿತ್ತು. ಶೀತವಾದವರೂ ಉಣ್ಣುತ್ತಿದ್ದರು, ಆಗದವರೂ ಉಣ್ಣುತ್ತಿದ್ದರು. ನಾಲ್ಕು ಎಲೆ ಎಂಟು ಜನರಿಗೆ ಹಂಚಿಹೋಗುತ್ತಿತ್ತು. ಈಗ ಯೋಚಿಸಿದರೆ ನನಗೆ ಮುಖ್ಯ ಅನ್ನಿಸುವುದು ಇದೇ ವಿಷಯ. ಹಿತ್ತಲಿನ ಬಹುಪಾಲು ಮದ್ದುಗಳು ನಮ್ಮಲ್ಲಿ ಊಟದೊಳಗೆ ಸೇರಿಕೊಂಡಿದ್ದವು. ಪ್ರಮಾಣ ಕಡಿಮೆ, ಮಜ್ಜಿಗೆ ಮತ್ತು ಕೊಬ್ಬರಿಯ ಜೊತೆ, ತಿಂಗಳಿಗೆ ಕೆಲವೇ ಬಾರಿ. ಗುಣ ಮಾಡದಿದ್ದರೂ ಕೆಡುಕು ಮಾಡದಷ್ಟು ಸೌಮ್ಯವಾಗಿ ಅವುಗಳನ್ನು ಬಳಸುವ ವಿದ್ಯೆ ಅದು. ಇವತ್ತು ಮೊಬೈಲಿನಲ್ಲಿ ಹರಿದಾಡುವ ಮನೆಮದ್ದಿನ ಸಂದೇಶಗಳಲ್ಲಿ ಎಲೆಯ ಹೆಸರು ಇರುತ್ತದೆ, ರೋಗದ ಹೆಸರು ಇರುತ್ತದೆ. ಎಷ್ಟು, ಯಾರಿಗೆ, ಎಲ್ಲಿಯವರೆಗೆ ಎಂಬ ಮೂರು ಮಾತು ಮಾತ್ರ ಇರುವುದಿಲ್ಲ. ಅಜ್ಜಿಯಂದಿರ ಜ್ಞಾನದಲ್ಲಿ ಮುಕ್ಕಾಲು ಪಾಲು ಇದ್ದದ್ದು ಆ ಮೂರು ಮಾತಿನಲ್ಲೇ. ಎಲೆಯ ಹೆಸರು ಉಳಿದ ಕಾಲು ಪಾಲು ಮಾತ್ರ.

ಅಳತೆ ಎಂದರೆ ಗ್ರಾಂ ಲೆಕ್ಕವಲ್ಲ. ಹಳ್ಳಿಮನೆಯ ಅಳತೆಗೆ ಅದರದೇ ಉಪಕರಣಗಳಿದ್ದವು. ಕಷಾಯವೆಂದರೆ ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು. ಸಣ್ಣ ಉರಿಯಲ್ಲಿ ಅದು ಇಳಿಯುವಷ್ಟು ಹೊತ್ತು ಒಲೆಯ ಮುಂದೆ ಒಬ್ಬರು ಕೂರಬೇಕು. ಎಳೆಯ ಮಕ್ಕಳಿಗೆ ಬಜೆ, ಜಾಯಿಕಾಯಿ, ಅಳಲೆಕಾಯಿಗಳನ್ನು ತೇಯುವಾಗ ಲೆಕ್ಕವಿದ್ದದ್ದು ಸುತ್ತಿನಲ್ಲಿ. ನುಣುಪಾದ ಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ, ಬಜೆಯ ಕೊಂಬನ್ನು ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಜಾಯಿಕಾಯಿಯೂ ಒಂದು ಸುತ್ತು, ಅಳಲೆ ಎರಡು ಸುತ್ತು. ಕಲ್ಲಿನ ಮೇಲೆ ಮೂಡುತ್ತಿದ್ದದ್ದು ಬಣ್ಣ ಬದಲಾದ ತೆಳ್ಳನೆಯ ನೀರು ಮಾತ್ರ. ಯಾರಾದರೂ ಎಳೆಯ ಸೊಸೆ ಇನ್ನೊಂದು ಸುತ್ತು ತಿರುಗಿಸಲು ಹೋದರೆ ಅಜ್ಜಿ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಸಾಕು ಕೂಸೇ, ಇದು ಗಂಧವಲ್ಲ."

ಆ ಭಯಕ್ಕೆ ಕಾರಣವಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ರಾಸಾಯನಿಕವಿದೆ. ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಅದು ಗೆಡ್ಡೆಗಳನ್ನು ಉಂಟುಮಾಡಿದ್ದರಿಂದ ಅಮೆರಿಕ 1968ರಲ್ಲಿಯೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಹೆಚ್ಚು ಬಜೆ ಹೊಟ್ಟೆಗೆ ಹೋದರೆ ಮಕ್ಕಳಿಗೆ ವಾಂತಿ ನಿಲ್ಲುವುದೇ ಇಲ್ಲ. ಇವತ್ತು ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಒಂದು ಸುತ್ತೂ ಬೇಡ. ಮೊದಲ ಆರು ತಿಂಗಳು ತಾಯಿಯ ಹಾಲಿನ ಹೊರತು ಮಗುವಿಗೆ ಇನ್ನೇನೂ ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಮ್ಮ ಆಶಾ ಕಾರ್ಯಕರ್ತೆಯರೂ ಮನೆಮನೆಗೆ ಹೋಗಿ ಅದನ್ನೇ ಹೇಳುತ್ತಾರೆ. ಬೇವಿನ ಎಣ್ಣೆಯನ್ನಂತೂ ಮಕ್ಕಳ ಬಾಯಿಗೆ ಹನಿಯಷ್ಟೂ ಹಾಕಬಾರದು. ಅದನ್ನು ಕುಡಿಸಿದ ಎಳೆಯ ಮಕ್ಕಳಿಗೆ ಫಿಟ್ಸ್ ಬಂದು, ಯಕೃತ್ತು ಮತ್ತು ಮಿದುಳಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆದರೂ ಆ ಒಂದು ಸುತ್ತಿನ ಶಿಸ್ತನ್ನು ನಾನು ಗೌರವದಿಂದ ನೆನೆಯುತ್ತೇನೆ. ಗಿಡಕ್ಕೆ ಶಕ್ತಿಯಿದೆ ಎಂದು ನಂಬಿದವರು ಅದಕ್ಕೆ ಹೆದರುವುದನ್ನೂ ಕಲಿತಿದ್ದರು. ಸಹಜವಾದದ್ದು, ಹಾಗಾಗಿ ಏನೂ ಆಗುವುದಿಲ್ಲ ಎಂಬ ಈಗಿನ ಮಾತು ಅವರ ಬಾಯಲ್ಲಿ ನಾನು ಕೇಳಿದ್ದಿಲ್ಲ.

ಆಡುಸೋಗೆಯ ಉದಾಹರಣೆ ನೋಡಿ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಅಪವಾದವಾಗಿ ಬೇಲಿಯಲ್ಲಿ ನಿಶ್ಚಿಂತೆಯಿಂದ ಬೆಳೆಯುವ ಗಿಡ ಇದು. ಬಿಳಿ ಹೂವು, ಉದ್ದನೆಯ ಎಲೆ, ನಾಲಿಗೆಗೆ ತಾಗಿದರೆ ಮುಖ ಕಿವುಚುವಷ್ಟು ಕಹಿ. ಕಫ ಕಟ್ಟಿದ ಕೆಮ್ಮಿಗೆ ಇದರ ಎಲೆಯನ್ನು ಬಾಡಿಸಿ ರಸ ತೆಗೆದು ಜೇನಿನ ಜೊತೆ ಕೊಡುವುದು ಕರ್ನಾಟಕದ ಉದ್ದಗಲಕ್ಕೂ ಇರುವ ಪದ್ಧತಿ. ಇದರಲ್ಲಿರುವ ವ್ಯಾಸಿಸಿನ್ ಎಂಬ ಸಾರವನ್ನು ಆಧಾರವಾಗಿಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ರೂಪಿಸಲಾಯಿತು. ಔಷಧದ ಅಂಗಡಿಯ ಎಷ್ಟೋ ಕೆಮ್ಮಿನ ಸಿರಪ್‌ಗಳ ಬಾಟಲಿಯ ಮೇಲೆ ಆ ಹೆಸರು ಕಾಣುತ್ತದೆ. ಹಾಗಾಗಿ ಆಡುಸೋಗೆ ಕಫ ಕರಗಿಸುತ್ತದೆ ಎಂದಾಗ ಯಾರೂ ಮೂಗು ಮುರಿಯಬೇಕಿಲ್ಲ. ಆದರೆ ಅದೇ ವ್ಯಾಸಿಸಿನ್ ಗರ್ಭಕೋಶವನ್ನೂ ಸಂಕುಚಿಸುತ್ತದೆ. ಬಸುರಿಯರಿಗೆ ಆಡುಸೋಗೆ ಕೊಡುವಂತಿಲ್ಲ. ನಮ್ಮ ಕಡೆ ಹಳಬರಿಗೆ ಇದು ಗೊತ್ತಿತ್ತು. "ಮನೆಯಲ್ಲಿ ಯಾರಿಗೆ ಕೆಮ್ಮು?" ಎಂದು ಕೇಳಿಯೇ ಅವರು ಬೇಲಿಯ ಕಡೆ ನಡೆಯುತ್ತಿದ್ದರು. ಈ ಒಂದು ಪ್ರಶ್ನೆಯಿಲ್ಲದೆ ಬರುವ ಆಡುಸೋಗೆ ಅಪಾಯಕಾರಿ.

ಕೊರೊನಾ ಕಾಲವನ್ನು ನೆನಪಿಸಿಕೊಳ್ಳಿ. 2020ರ ಬೇಸಿಗೆಯಲ್ಲಿ ಬೆಂಗಳೂರಿನ ಪೇಟೆಗಳಲ್ಲಿ ಶುಂಠಿ, ಮೆಣಸು, ಅರಿಶಿನದ ಜೊತೆ ಅಮೃತಬಳ್ಳಿಯ ತುಂಡುಗಳೂ ಕಟ್ಟುಕಟ್ಟಾಗಿ ಬಂದು ಕುಳಿತವು. ಅಲ್ಲಿಯವರೆಗೆ ಅದನ್ನು ಕಂಡೇ ಇರದವರೂ ಬೆಳಗ್ಗೆ ಎದ್ದೊಡನೆ ಕಷಾಯ ಕುಡಿಯತೊಡಗಿದರು, ವಾರಗಟ್ಟಲೆ, ತಿಂಗಳುಗಟ್ಟಲೆ. ನಮ್ಮೂರಿನಲ್ಲಿ ಅಮೃತಬಳ್ಳಿಯನ್ನು ಬಳಸುತ್ತಿದ್ದದ್ದು ಬಿಡದ ಜ್ವರಕ್ಕೆ, ಜ್ವರ ಬಿಟ್ಟಮೇಲೆ ಬಾಯಿರುಚಿ ಬರಲು. ನಾಲ್ಕಾರು ದಿನದ ಮಾತು ಅದು. ಆರೋಗ್ಯವಾಗಿರುವವರು ರೋಗ ಬಾರದಿರಲಿ ಎಂದು ದಿನವೂ ಕುಡಿಯುವ ಪದ್ಧತಿಯನ್ನು ನಾನು ಎಲ್ಲೂ ಕಂಡಿರಲಿಲ್ಲ. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಗೆ ಯಕೃತ್ತಿನ ಉರಿಯೂತ ಕಾಣಿಸಿಕೊಂಡದ್ದನ್ನು ವರದಿ ಮಾಡಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರ ಪ್ರಕಟಿಸಿದರು. ದೇಹದ ರಕ್ಷಣಾವ್ಯವಸ್ಥೆಯೇ ತನ್ನ ಯಕೃತ್ತಿನ ಮೇಲೆ ತಿರುಗಿಬೀಳುವಂಥ ಲಕ್ಷಣಗಳು ಅವರಲ್ಲಿ ಹಲವರಿಗೆ ಇದ್ದವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತವೇ, ಅದೇ ಕುಲದ ಇನ್ನೊಂದು ಬಳ್ಳಿ, ಟಿನೋಸ್ಪೋರ ಕ್ರಿಸ್ಪಾ, ತಪ್ಪಾಗಿ ಬಳಕೆಯಾಗಿರಬಹುದು ಎಂದಿತು.

ಎರಡರಲ್ಲಿ ಯಾವುದು ಸರಿ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಎರಡೂ ನನ್ನ ಮಾತನ್ನೇ ಬೆಂಬಲಿಸುತ್ತವೆ. ಬಳ್ಳಿ ಅದೇ ಆಗಿದ್ದರೆ ಅಳತೆ ಮತ್ತು ಅವಧಿ ತಪ್ಪಿತ್ತು, ಕುಡಿದವರಲ್ಲಿ ಕೆಲವರು ಕುಡಿಯಬಾರದವರಾಗಿದ್ದರು. ಬಳ್ಳಿಯೇ ಬೇರೆಯಾಗಿದ್ದರೆ ಗುರುತು ತಪ್ಪಿತ್ತು. ಗುರುತು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಅಮೃತಬಳ್ಳಿಯ ಬಲಿತ ಕಾಂಡದ ಮೇಲೆ ಕಾಗದದಂತೆ ಸುಲಿಯುವ ತೆಳು ಸಿಪ್ಪೆ ಇರುತ್ತದೆ, ಅದರಡಿ ಹಸಿರು ಕಾಣುತ್ತದೆ, ಮೇಲಿನಿಂದ ದಾರದಂಥ ಬೇರುಗಳು ಜೋತುಬೀಳುತ್ತವೆ. ಆ ಇನ್ನೊಂದರ ಕಾಂಡದ ತುಂಬ ಗಂಟುಗಂಟಾದ ಗುಳ್ಳೆಗಳು. ಆದರೆ ಒಣಗಿಸಿ ಕತ್ತರಿಸಿ ಪೊಟ್ಟಣ ಕಟ್ಟಿದ ಮೇಲೆ ಯಾರಿಗೆ ಏನು ಗೊತ್ತಾಗುತ್ತದೆ? ಪುಡಿಯಾಗಿ ಬಂದರಂತೂ ಮುಗಿಯಿತು. ಅದಕ್ಕೇ ನಾನು ಯಾರಿಗಾದರೂ ಹೇಳುವುದು ಇಷ್ಟು: ನಿಮ್ಮ ಕಣ್ಣೆದುರು ಚಿಗುರಿ, ಹೂಬಿಟ್ಟು, ಕಾಯಾದದ್ದನ್ನು ಮಾತ್ರ ಬಳಸಿ. ಒಂದು ವರ್ಷ ನೋಡದ ಗಿಡವನ್ನು ಹೊಟ್ಟೆಗೆ ಹಾಕಿಕೊಳ್ಳಬೇಡಿ.

ಗುರುತಿನ ವಿಷಯದಲ್ಲಿ ತುಳುನಾಡಿನವರಷ್ಟು ಎಚ್ಚರದವರನ್ನು ನಾನು ಬೇರೆಲ್ಲೂ ನೋಡಿಲ್ಲ. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ ಅಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ತುಳುವಿನಲ್ಲಿ ಅದು ಪಾಲೆ. ನಸುಕಿಗೆ ಮುಂಚೆ ಕತ್ತಲಲ್ಲೇ ಹೋಗಬೇಕು, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ ಅರೆದು ಸೋಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿದಾಗ ಚುಂಯ್ ಎಂದು ಹಬೆ ಏಳುತ್ತದೆ. ಖಾಲಿ ಹೊಟ್ಟೆಗೆ ಕೆಲವು ಗುಟುಕು. ಆಮೇಲೆ ಮೈ ತಂಪಿಗೆಂದು ಮೆಂತ್ಯದ ಗಂಜಿ. ಈ ಕತ್ತಲಲ್ಲೇ ದೊಡ್ಡ ಅಪಾಯವಿದೆ. ಅದೇ ಗುಡ್ಡದಲ್ಲಿ ಕಾಸರಕದ ಮರವೂ ಇರುತ್ತದೆ, ಅದರ ತೊಗಟೆಯಲ್ಲಿ ಸ್ಟ್ರಿಕ್ನಿನ್‌ನಂಥ ವಿಷಗಳಿರುತ್ತವೆ. ತಪ್ಪಿ ಅದನ್ನು ತಂದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ತಿಳಿದವರು ಹಿಂದಿನ ದಿನವೇ ಹಗಲು ಬೆಳಕಿನಲ್ಲಿ ಹೋಗಿ ಮರ ಗುರುತಿಸಿ ಬರುತ್ತಾರೆ. ಹಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ಐದಾರೋ ಏಳೋ ಆಗಿ ಚಕ್ರದಂತೆ ಹರಡಿರುತ್ತವೆ, ಕಾಸರಕದಲ್ಲಿ ಎರಡೆರಡೇ ಎದುರುಬದುರು. ಹಾಲೆಯ ತೊಗಟೆಗೆ ಗಾಯವಾದರೆ ಬಿಳಿ ಹಾಲು ಒಸರುತ್ತದೆ, ಕಾಸರಕದಲ್ಲಿ ಹಾಲಿಲ್ಲ. ನಗರಕ್ಕೆ ವಲಸೆ ಬಂದು ಯಾರೋ ಬಾಟಲಿಯಲ್ಲಿ ತಂದುಕೊಟ್ಟದ್ದನ್ನು ಕುಡಿಯುವವರು ತಂದವರ ಕಣ್ಣನ್ನು ನಂಬಿ ಕುಡಿಯುತ್ತಾರೆ. ಆ ನಂಬಿಕೆಗೆ ಯೋಗ್ಯರು ಯಾರು ಎಂದು ಕೇಳಿಯೇ ಕುಡಿಯುವುದು ಒಳ್ಳೆಯದು.

ಆಟಿಯಲ್ಲಿ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಆ ಕಷಾಯ ವರ್ಷಕ್ಕೆ ಒಂದೇ ದಿನ. ಕೊಡಗಿನಲ್ಲಿಯೂ ಹಾಗೆಯೇ. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಆಗಸ್ಟ್ 3ರಂದು, ಮದ್ದ್ ತೊಪ್ಪು ಎಂಬ ಗಿಡದ ಸೊಪ್ಪನ್ನು ಕುದಿಸುತ್ತಾರೆ. ನೀರು ಗಾಢ ನೇರಳೆಗೆ ತಿರುಗುತ್ತದೆ, ಅದರಲ್ಲಿ ಅಕ್ಕಿ ಮತ್ತು ಬೆಲ್ಲದ ಪಾಯಸವಾಗುತ್ತದೆ, ತಿಂದವರ ಮೂತ್ರದ ಬಣ್ಣವೂ ಕೆಂಪಾಗುತ್ತದೆ. ಅಂದಿಗೆ ಆ ಗಿಡದಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬುದು ಅವರ ನಂಬಿಕೆ. ಯುಗಾದಿಯ ಬೇವೂ ವರ್ಷಕ್ಕೊಮ್ಮೆ, ಬೆಲ್ಲದ ಜೊತೆ ಒಂದು ಚಿಟಿಕೆ. ಇಲ್ಲೆಲ್ಲ ಪಂಚಾಂಗವೇ ಅಳತೆಯ ಲೋಟ. ಪ್ರಬಲವಾದ ಗಿಡವನ್ನು ಹಬ್ಬಕ್ಕೆ ಕಟ್ಟಿಹಾಕಿದರೆ ದಿನವೂ ತಿನ್ನುವ ಆಸೆಗೆ ಕಡಿವಾಣ ಬೀಳುತ್ತದೆ. ಹಿರಿಯರು ಹಾಗೆ ಲೆಕ್ಕ ಹಾಕಿಯೇ ಮಾಡಿದರು ಎಂದು ನಾನು ವಾದಿಸುವುದಿಲ್ಲ, ಆದರೆ ಫಲ ಮಾತ್ರ ಅದೇ.

ಕಾಮಾಲೆಯ ವಿಷಯ ಬರೆಯದೆ ಈ ಬರಹ ಮುಗಿಸಲಾರೆ. ಹಿತ್ತಲ ಮದ್ದಿನ ಒಳಿತೂ ಕೆಡುಕೂ ಅಲ್ಲಿ ಒಟ್ಟಿಗೇ ಕಾಣುತ್ತವೆ.

ನೆಲನೆಲ್ಲಿ, ಕಿರುನೆಲ್ಲಿ ಎಂದು ಕರೆಯುವ ಗೇಣುದ್ದದ ಗಿಡ ಮಳೆ ಬಿದ್ದೊಡನೆ ಅಂಗಳದಲ್ಲೆಲ್ಲ ಏಳುತ್ತದೆ. ಹುಣಸೆಯಂಥ ಸಣ್ಣ ಎಲೆಗಳು, ಎಲೆಕಡ್ಡಿಯ ಅಡಿಯಲ್ಲಿ ಸಾಲಾಗಿ ಸಾಸಿವೆ ಗಾತ್ರದ ಕಾಯಿಗಳು. ಬೇರುಸಹಿತ ಅರೆದು ಮಜ್ಜಿಗೆಯಲ್ಲೋ ಹಾಲಿನಲ್ಲೋ ಬೆಳಗಿನ ಹೊತ್ತು ಕೊಡುವುದು ಕಾಮಾಲೆಗೆ ನಾಟಿವೈದ್ಯರ ಮೊದಲ ಮದ್ದು. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಾಣುವನ್ನು ಮೈಯಲ್ಲಿ ಹೊತ್ತಿದ್ದವರಿಗೆ ಈ ಗಿಡದ ಪುಡಿ ಕೊಟ್ಟು ನೋಡಿದರು. 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಕಾಣದಂತಾಯಿತು. ಹೋಲಿಕೆಗೆಂದು ಮದ್ದಿಲ್ಲದ ಹುಸಿ ಪುಡಿ ಪಡೆದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ. ಆ ವೈರಾಣುವನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರ ಹೆಸರೂ ಆ ಪ್ರಬಂಧದಲ್ಲಿತ್ತು, ಪ್ರಕಟವಾದದ್ದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ. ಜಗತ್ತೇ ತಿರುಗಿ ನೋಡಿತು. ಆದರೆ ಬೇರೆ ದೇಶಗಳಲ್ಲಿ ಅದೇ ಪ್ರಯೋಗ ಮಾಡಿದಾಗ ಆ ಫಲ ಮರಳಿ ಸಿಗಲಿಲ್ಲ.

ಹಾಗಾದರೆ ಹಳ್ಳಿಗಳಲ್ಲಿ ಕಾಮಾಲೆ ವಾಸಿಯಾದವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ನಮ್ಮಲ್ಲಿ ಹೆಚ್ಚಾಗಿ ಬರುವ ಕಾಮಾಲೆಗೆ ಕಾರಣ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ. ಬಹುಪಾಲು ಜನರಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ವಿಶ್ರಾಂತಿ, ಹೆಂಡ ಮುಟ್ಟದಿರುವುದು, ಸಿಕ್ಕಸಿಕ್ಕ ಮಾತ್ರೆ ನುಂಗದಿರುವುದು, ಸುಲಭವಾಗಿ ಜೀರ್ಣವಾಗುವ ಊಟ, ಇಷ್ಟು ಪಥ್ಯ ಸಾಕು. ಆ ಪಥ್ಯವನ್ನು ಕಟ್ಟುನಿಟ್ಟಾಗಿ ಮಾಡಿಸುತ್ತಿದ್ದವರು ನಾಟಿವೈದ್ಯರೇ. ಅವರಿಗೆ ಸಲ್ಲಬೇಕಾದ ಗೌರವ ದೊಡ್ಡದು. ಕಷ್ಟ ಶುರುವಾಗುವುದು ಕಣ್ಣಿನ ಹಳದಿಗೆ ಬೇರೆ ಕಾರಣ ಇದ್ದಾಗ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ. ಇಲಿಜ್ವರ ಬಂದರೂ ಆಗುತ್ತದೆ.

ನಮ್ಮ ದೊಡ್ಡಪ್ಪನಿಗೆ ಒಂದು ಮಳೆಗಾಲದಲ್ಲಿ ಹಾಗಾಯಿತು. ಗದ್ದೆಯ ನೆಟ್ಟಿ ಮುಗಿದ ವಾರ. ಜ್ವರ, ಮೈಕೈ ನೋವು, ಆಮೇಲೆ ಕಣ್ಣು ಹಳದಿ. ದೊಡ್ಡಮ್ಮ ಊರಿನ ವೈದ್ಯರಿಗೆ ಹೇಳಿಕಳಿಸಿದರು. ಕಾಮಾಲೆಗೆ ಅವರ ಕೈಗುಣ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಾಗಿತ್ತು. ಅವರು ಬಂದು ಜಗಲಿಯಲ್ಲಿ ಕುಳಿತು, ದೊಡ್ಡಪ್ಪನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಹಳದಿಯ ಜೊತೆ ಕೆಂಪೂ ಇತ್ತು. ಆಮೇಲೆ ಏನೋ ನೆನಪಾದವರಂತೆ ಕೈ ಚಾಚಿ ಕಾಲಿನ ಮೀನಖಂಡವನ್ನು ಒತ್ತಿದರು. ದೊಡ್ಡಪ್ಪ ನೋವಿನಿಂದ ಚೀರಿದ. ವೈದ್ಯರು ತಂದಿದ್ದ ಮದ್ದಿನ ಗಂಟು ಬಿಚ್ಚಲೇ ಇಲ್ಲ. "ಅಮ್ಮಾ, ಇದು ನಾನು ಮುಟ್ಟುವ ಕಾಮಾಲೆಯಲ್ಲ. ನಾಳೆಯವರೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದರು. ಅದು ಇಲಿಜ್ವರವಾಗಿತ್ತು. ಇಲಿಯ ಮೂತ್ರ ಸೇರಿದ ಗದ್ದೆಯ ನೀರು ಕಾಲಿನ ಗಾಯದಿಂದ ಒಳಹೊಕ್ಕು ಬರುವ ರೋಗ. ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಮಾಮೂಲು ಆಂಟಿಬಯಾಟಿಕ್‌ಗಳಿಗೆ ಬಗ್ಗುತ್ತದೆ, ತಡವಾದರೆ ಮೂತ್ರಪಿಂಡವನ್ನು ಹಿಡಿಯುತ್ತದೆ. ದೊಡ್ಡಪ್ಪ ಚೇತರಿಸಿಕೊಂಡ.

ಮೀನಖಂಡ ಒತ್ತಿ ನೋಡಬೇಕೆಂದು ಆ ವೈದ್ಯರಿಗೆ ಯಾವ ಪುಸ್ತಕ ಕಲಿಸಿತ್ತೋ ತಿಳಿಯದು. ನೂರಾರು ಕಾಮಾಲೆಗಳನ್ನು ಕಂಡ ಕೈ ಅದು. ಗುಣವಾದವರನ್ನು ಹೇಗೋ ಹಾಗೆ ಗುಣವಾಗದೆ ಹೋದವರನ್ನೂ ಅವರು ಮರೆತಿರಲಿಲ್ಲ. ನನ್ನ ಲೆಕ್ಕದಲ್ಲಿ ಅಂದು ಅವರು ಕೊಡದೆ ಹಿಂದಿರುಗಿದ ಮದ್ದೇ ಅವರ ಜೀವಮಾನದ ಅತ್ಯುತ್ತಮ ಚಿಕಿತ್ಸೆ. ಅವರ ಹಾಗೆ ಗಂಟು ಕಟ್ಟಿಕೊಂಡು ಎದ್ದುಹೋಗುವ ಧೈರ್ಯ ಮೊಬೈಲಿನ ಸಂದೇಶಕ್ಕೆ ಇರುವುದಿಲ್ಲ.

ಈ ಜ್ಞಾನವನ್ನು ಉಳಿಸುವ ಕೆಲಸ ನಡೆದಿಲ್ಲವೆಂದಲ್ಲ. 1995ರಲ್ಲಿ ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಾಗ ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ ಸಂಸ್ಥೆ ಅದನ್ನು ಪ್ರಶ್ನಿಸಿತು. ಹಳೆಯ ಸಂಸ್ಕೃತ ಗ್ರಂಥಗಳನ್ನೂ, 1953ರ ಭಾರತೀಯ ವೈದ್ಯಕೀಯ ಪತ್ರಿಕೆಯ ಲೇಖನವನ್ನೂ ಮುಂದಿಟ್ಟು ವಾದಿಸಿ 1997ರಲ್ಲಿ ಆ ಪೇಟೆಂಟನ್ನು ರದ್ದುಮಾಡಿಸಿತು. ಅದರ ಬೆನ್ನಿಗೇ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವೂ ಹುಟ್ಟಿತು. ಗ್ರಂಥಗಳಲ್ಲಿದ್ದ ಲಕ್ಷಾಂತರ ಔಷಧ ಸೂತ್ರಗಳು ಅಲ್ಲಿ ದಾಖಲಾಗಿವೆ. ಇದು ಹೆಮ್ಮೆಯ ಕೆಲಸ. ಆದರೆ ಅಜ್ಜಿಯರ ಒಂದು ಸುತ್ತು ಯಾವ ಗ್ರಂಥದಲ್ಲೂ ಇಲ್ಲ. "ಕೊಳೆಗೆ ಮದ್ದು ಹೊಡೆದ ಮೇಲೆ ತೋಟದ ಒಂದೆಲಗ ತರಬೇಡ" ಎಂಬ ಮಾತು ಸಂಸ್ಕೃತದಲ್ಲಿ ಸಿಗುವಂಥದ್ದಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುತ್ತಾರೆ. ಅದು ತೊಟ್ಟಿಕ್ಕಿ ಕೆಳಗಿನ ಕಾಲುವೆಯ ಅಂಚಿನಲ್ಲಿ ಬೆಳೆದ ಒಂದೆಲಗದ ಮೇಲೆ ನೀಲಿಯಾಗಿ ಕೂರುತ್ತದೆ. ಒಂದೆಲಗವನ್ನು ಬೇರುಸಹಿತ ಹಸಿಯಾಗಿಯೇ ರುಬ್ಬಿ ತಂಬುಳಿ ಮಾಡುವವರಿಗೆ ಇದಕ್ಕಿಂತ ಮುಖ್ಯವಾದ ವಿಷಯ ಯಾವುದಿದೆ? ನಗರದಲ್ಲಿ ಇದೇ ಮಾತನ್ನು ಚರಂಡಿಯ ಬದಿಯಲ್ಲಿ ಸೊಂಪಾಗಿ ಬೆಳೆದ ಒಂದೆಲಗಕ್ಕೆ ಅನ್ವಯಿಸಿಕೊಳ್ಳಬೇಕು.

ಈಗ ನಾನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ. ಬಾಲ್ಕನಿಯ ಕುಂಡಗಳಲ್ಲಿ ದೊಡ್ಡಪತ್ರೆ, ತುಳಸಿ, ಅಗಲ ಬೇಸಿನ್ನಿನಲ್ಲಿ ಒಂದೆಲಗ, ಒಂದು ಲೋಳೆಸರ. ದೊಡ್ಡಪತ್ರೆ ಗೇಣುದ್ದದ ಕಡ್ಡಿಯಿಂದ ಬರುತ್ತದೆ, ಬುಡದಲ್ಲಿ ನೀರು ನಿಂತರೆ ಮಾತ್ರ ಕೊಳೆಯುತ್ತದೆ. ಒಂದೆಲಗಕ್ಕೆ ತದ್ವಿರುದ್ಧ, ಅದರ ಕಾಲು ಸದಾ ತೇವದಲ್ಲಿರಬೇಕು. ಲೋಳೆಸರದ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲೆ ಕತ್ತರಿಸಿದಾಗ ಸಿಪ್ಪೆಯ ಅಂಚಿನಿಂದ ಹಳದಿ ರಸ ಇಳಿಯುತ್ತದೆ. ಅದು ಹೊಟ್ಟೆಗೆ ಹೋದರೆ ಜೋರು ಭೇದಿ. ಎಲೆಯನ್ನು ಓರೆಯಾಗಿ ನಿಲ್ಲಿಸಿ ಆ ರಸವೆಲ್ಲ ಇಳಿದ ಮೇಲೆ ತೊಳೆದು ಒಳಗಿನ ತಿಳಿ ತಿರುಳನ್ನಷ್ಟೇ ತೆಗೆದು, ಚರ್ಮಕ್ಕೆ ಹಚ್ಚಲು ಮಾತ್ರ ನಾನು ಬಳಸುತ್ತೇನೆ. ಕೈ ಸುಟ್ಟಾಗಲೂ ಮೊದಲ ಮದ್ದು ಅದಲ್ಲ, ನಲ್ಲಿಯ ತಣ್ಣೀರು. ಇಪ್ಪತ್ತು ನಿಮಿಷ ನೀರು ಹರಿಯಬೇಕು. ಎಕ್ಕದ ಗಿಡವನ್ನು ನಾನು ಮನೆಯ ಹತ್ತಿರ ಬೆಳೆಸುವುದಿಲ್ಲ. ಮುಳ್ಳು ತೆಗೆಯಲು ಅದರ ಹಾಲು ಹಚ್ಚುವವರು ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ದೃಷ್ಟಿಯೇ ಮಂಜಾಗುತ್ತದೆ. ಇನ್ಸುಲಿನ್ ಗಿಡ ಎಂದು ನರ್ಸರಿಯವರು ಕೊಡುವುದನ್ನೂ ತಂದಿಲ್ಲ. ಅದರ ಎಲೆಯಲ್ಲಿ ಇನ್ಸುಲಿನ್ ಇಲ್ಲ, ಇದ್ದರೂ ಜಠರದಲ್ಲಿ ಜೀರ್ಣವಾಗಿಹೋಗುತ್ತಿತ್ತು. ಆ ಎಲೆ ಜಗಿದು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊನ್ನೆ ಎದುರು ಮನೆಯ ಹುಡುಗಿ ಕೈಗೂಸನ್ನು ಎತ್ತಿಕೊಂಡು ಬಂದಳು. ನಾಲ್ಕು ತಿಂಗಳ ಮಗು. "ಆಂಟಿ, ಕಫ ಕಟ್ಟಿದೆ. ನಿಮ್ಮ ದೊಡ್ಡಪತ್ರೆಯ ರಸಕ್ಕೆ ಜೇನು ಸೇರಿಸಿ ನೆಕ್ಕಿಸಲೇ? ಅಮ್ಮ ಫೋನಿನಲ್ಲಿ ಹೇಳಿದರು" ಎಂದಳು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳನ್ನು ಎಳೆಯ ಕರುಳು ತಡೆಯಲಾರದು ಎಂದು ಹೇಳಿದೆ. ಅವಳ ಮುಖ ಬಾಡಿತು. "ಹಾಗಾದರೆ ಏನು ಕೊಡಲಿ?" ಎಂದು ಕೇಳಿದಳು. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. "ಮೊದಲು ಉಸಿರು ಎಣಿಸೋಣ, ಕುಳಿತುಕೊಳ್ಳಮ್ಮ" ಎಂದೆ. ಅಂಗಿ ಮೇಲೆತ್ತಿ, ಮೊಬೈಲಿನ ಗಡಿಯಾರ ಇಟ್ಟು, ಹೊಟ್ಟೆ ಏರಿಳಿಯುವುದನ್ನು ಇಬ್ಬರೂ ಪೂರ್ತಿ ಒಂದು ನಿಮಿಷ ಎಣಿಸಿದೆವು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿನ ಉಸಿರು ನಿಮಿಷಕ್ಕೆ 50 ಅಥವಾ ಅದಕ್ಕೂ ಹೆಚ್ಚಿದ್ದರೆ ನ್ಯುಮೋನಿಯಾ ಎಂದು ಶಂಕಿಸಬೇಕು. ಒಂದು ವರ್ಷ ದಾಟಿದ ಮೇಲೆ ಐದರವರೆಗೆ ಆ ಗಡಿ 40. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ ಎಣಿಸುತ್ತಲೂ ಕೂರಬಾರದು, ಆಸ್ಪತ್ರೆಗೆ ಓಡಬೇಕು. ಈ ಮಗುವಿನ ಉಸಿರು ಗಡಿಯ ಎಷ್ಟೋ ಕೆಳಗಿತ್ತು. ಮೂಗು ಕಟ್ಟಿತ್ತು, ಅಷ್ಟೇ. ಹಾಲು ಕುಡಿಸುತ್ತಿರು, ರಾತ್ರಿ ಇನ್ನೊಮ್ಮೆ ಎಣಿಸು, ನಾಳೆ ಮಕ್ಕಳ ವೈದ್ಯರಿಗೆ ತೋರಿಸು ಎಂದು ಕಳಿಸಿದೆ. ಹೋಗುವಾಗ ದೊಡ್ಡಪತ್ರೆಯ ನಾಲ್ಕು ಎಲೆ ಅವಳ ಕೈಗಿಟ್ಟೆ. ತಂಬುಳಿ ಮಾಡಿ ಅವಳೂ ಅವಳ ಗಂಡನೂ ಉಣ್ಣಲಿ ಎಂದು.

ಇದೆಲ್ಲ ಚದುರಿಹೋಗದಿರಲಿ ಎಂದು ಒಂದು ಪುಸ್ತಕ ಬರೆದಿಡುತ್ತಿದ್ದೇನೆ. ಗಿಡಕ್ಕೊಂದು ಪುಟ. ಗುರುತು, ಯಾವ ಭಾಗ, ಎಷ್ಟು, ಎಷ್ಟು ದಿನ ಎಂಬುದರ ಕೆಳಗೆ "ಯಾರಿಗೆ ಬೇಡ" ಎಂಬ ಸಾಲು ದೊಡ್ಡ ಅಕ್ಷರದಲ್ಲಿದೆ. ಆ ಸಾಲು ಖಾಲಿ ಇರುವ ಗಿಡವನ್ನು ಸದ್ಯಕ್ಕೆ ಯಾರಿಗೂ ಕೊಡುವುದಿಲ್ಲ. ದಾಳಿಂಬೆ ಸಿಪ್ಪೆಯ ಪುಟ ಅರ್ಧಕ್ಕೆ ನಿಂತಿದೆ. ಭೇದಿಯಾದಾಗ ಒಣಗಿದ ಸಿಪ್ಪೆಯ ಚೂರನ್ನು ತುಪ್ಪದಲ್ಲಿ ಹುರಿದು ತಂಬುಳಿ ಮಾಡುತ್ತಿದ್ದರು, ಅದರ ಒಗರಿಗೆ ಟ್ಯಾನಿನ್ ಕಾರಣ ಎಂಬಷ್ಟು ಬರೆದಿದ್ದೇನೆ. ಭೇದಿಯಲ್ಲಿ ಜೀವ ಉಳಿಸುವುದು ಉಪ್ಪು ಬೆರೆಸಿದ ಗಂಜಿತಿಳಿ ಮತ್ತು ಓಆರ್‌ಎಸ್, ರಕ್ತ ಬಿದ್ದರೆ ಆಸ್ಪತ್ರೆ ಎಂಬುದನ್ನೂ ಅದರ ಮೇಲೆಯೇ ಬರೆದಾಗಿದೆ. ಸಿಪ್ಪೆಯ ಚೂರು ಎಷ್ಟು ದೊಡ್ಡದಿರಬೇಕು ಎಂಬುದೊಂದು ಬಾಕಿ. ಚೌತಿಗೆ ಊರಿಗೆ ಹೋದಾಗ ಅತ್ತೆಯನ್ನು ಕೇಳಬೇಕು. ಅವರು ಬಾಯಲ್ಲಿ ಹೇಳುವವರಲ್ಲ, ಒಂದು ಚೂರು ಮುರಿದೇ ತೋರಿಸುತ್ತಾರೆ. ಸ್ಕೇಲು ತೆಗೆದುಕೊಂಡು ಹೋಗುತ್ತೇನೆ.